ಬಿಲ್ಲೆ ಲೆಕ್ಕ

ಜುಲೈಯಲ್ಲಿ ಅರವತ್ತೆರಡು ಹೆಸರು.
ದಸರಾ ರಜೆ ಮುಗಿದಾಗ ಮೂವತ್ತೆಂಟು.
ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯಲು
ನನ್ನ ಹತ್ತಿರ ಒಳ್ಳೆಯದೊಂದು ಸ್ಕೇಲಿತ್ತು.
ಗೆರೆ ಸೊಟ್ಟಗಾಗಬಾರದೆಂಬ ಶಿಸ್ತು ಬೇರೆ.

ಬಿಸಿಎ ಮೊದಲ ಸೆಮಿಸ್ಟರು, ಸಿ ಭಾಷೆ.
ಲ್ಯಾಬಿನ ಇಪ್ಪತ್ತು ಯಂತ್ರಗಳಲ್ಲಿ ಉಸಿರಾಡುವವು ಹದಿಮೂರು.
ಕಿಟಕಿಯಾಚೆ ಹಟ್ಟಿಯ ಬೂದು ದಿಬ್ಬ,
ಅರೆದು, ಚಿನ್ನ ಹೀರಿ, ಹೊರಗೆ ಸುರಿದ ಕಲ್ಲಿನ ಹಿಟ್ಟು.
ಸ್ಟಾಫ್ ರೂಮಿನಲ್ಲಿ ಯಾರೋ ಅಂದಿದ್ದರು:
"ಟನ್ನಿಗೆ ಎರಡೋ ಮೂರೋ ಗ್ರಾಮು, ಅಷ್ಟೇ ರೀ.
ಉಳಿದದ್ದು ದಿಬ್ಬಕ್ಕೆ."
ಎಲ್ಲರೂ ನಕ್ಕು ಚಹಾ ಕುಡಿದೆವು. ನಾನೂ.

ಒಂದು ಮಂಗಳವಾರ ಮೌನೇಶನ ಅಪ್ಪ ಬಂದ.
ರಾತ್ರಿ ಪಾಳಿ ಮುಗಿಸಿ ನೇರ, ಕಿವಿಯ ಮಡಿಕೆಯಲ್ಲಿನ್ನೂ ಧೂಳು.
"ಮಗ ಗ್ವಾಡಿಗಿ ಮುಖಾ ಮಾಡಿ ಮಲಗ್ಯಾನ್ರಿ ಮೇಡಂ.
ಕಾಲೇಜಿಗಿ ಬರವಲ್ಲ ಅನ್ನೂದು ನಿಮಗ ಗೊತ್ತೈತೋ ಇಲ್ಲೋ?"
ಪುಸ್ತಕ ತೆರೆದು ತೋರಿಸಿದೆ.
ಗೆರೆ ನೆಟ್ಟಗಿತ್ತು.

ಬಹಳ ಹೊತ್ತು ನೋಡಿದ.
"ನಮ್ಮಲ್ಲಿ ಹಿಂಗಲ್ರಿ.
ಕೆಳಗ ಇಳಿಯೂ ಮುಂದ ಒಂದು ಹಿತ್ತಾಳಿ ಬಿಲ್ಲಿ ತಗೋತೀವಿ,
ಮ್ಯಾಲ ಬಂದು ಅದs ಮೊಳಿಗಿ ಹಾಕತೀವಿ.
ಒಂದು ಮೊಳಿ ಖಾಲಿ ಉಳೀತಂದ್ರ ಪಾಳಿ ಮುಗಿಯಂಗಿಲ್ಲ,
ಯಾರೂ ಮನಿಗಿ ಹೋಗಂಗಿಲ್ಲ.
ಅವ ದಡ್ಡನೋ ಶಾಣ್ಯಾನೋ,
ಆವಾಗ ಯಾರೂ ಕೇಳಂಗಿಲ್ರಿ."

ಸಂಜೆ ಮೌನೇಶನ ಫೋಲ್ಡರು ತೆರೆದೆ.
ಒಂದೇ ಪ್ರೋಗ್ರಾಮು, ಒಂಬತ್ತು ಫೈಲು.
ಯಂತ್ರ ಹೇಳುತ್ತಿತ್ತು: ಏಳನೆಯ ಸಾಲಿನಲ್ಲಿ ತಪ್ಪು.
ಪಾಪ, ಒಂಬತ್ತು ಸಲ ಏಳನೆಯ ಸಾಲನ್ನೇ ಒಡೆದು ಕಟ್ಟಿದ್ದಾನೆ.
ತಪ್ಪಿದ್ದದ್ದು ಆರರಲ್ಲಿ. ಕೊನೆಗೊಂದು ಅರ್ಧವಿರಾಮ ಇಲ್ಲ.
ಮುಂದಿನ ಸಾಲಿಗೆ ಕಾಲಿಟ್ಟ ಮೇಲೆಯೇ
ಯಂತ್ರಕ್ಕೆ ಎಡವಿದ್ದು ತಿಳಿಯುವುದು.

ಹಾಗಾದರೆ ಅಕ್ಟೋಬರಿನಲ್ಲಿ ಬಿಟ್ಟುಹೋದವರ ತಪ್ಪು
ಅಕ್ಟೋಬರಿನದಲ್ಲ.
ಮೊದಲ ದಿನ ನಾನೇ ಹೇಳಿದ್ದೆ:
"ಇದೆಲ್ಲ ಸುಲಭ. ನಿಮಗೆ ಗೊತ್ತೇ ಇರುತ್ತೆ."
ರಾಯಚೂರಿನಲ್ಲಿ ಪಿಯುಸಿ ಮುಗಿಸಿ ಬಂದ ಇಬ್ಬರು
ಮುಂದಿನ ಬೆಂಚಿನಲ್ಲಿ ತಲೆಯಾಡಿಸಿದರು.
ಹಿಂದೆ ಅರವತ್ತು ಗಂಟಲು ಮುಚ್ಚಿಕೊಂಡ ಸದ್ದು
ಫ್ಯಾನಿನ ಗದ್ದಲದಲ್ಲಿ ಕೇಳಲಿಲ್ಲ.

ಸತ್ತ ಕೀಬೋರ್ಡುಗಳ ಕೀಲಿ ಕಿತ್ತು, ತೂತು ಕೊರೆದು, ದಾರ ಕಟ್ಟಿದೆ.
ಹಲಗೆಗೆ ಅರವತ್ತೆರಡು ಮೊಳೆ.
ಒಂಟಿಯಾಗಿ ಯಾರೂ ಯಂತ್ರದ ಮುಂದೆ ಕೂರುವಂತಿಲ್ಲ:
ಒಬ್ಬರು ಬಾಯಲ್ಲಿ ಹೇಳಬೇಕು, ಇನ್ನೊಬ್ಬರು ಒತ್ತಬೇಕು,
ಗಂಟೆ ಹೊಡೆದರೆ ಅದಲುಬದಲು.
ಪ್ರಿನ್ಸಿಪಾಲರು ಹಲಗೆ ನೋಡಿ
ಗೋಡೆಯ ಬಣ್ಣದ ಖರ್ಚು ಕೇಳಿದರು.

ಮೌನೇಶ ಬಂದ. ಮಾತಿಲ್ಲ.
ಖಾಜಾಬಿ ಪೆನ್ನಿನ ಟೋಪಿಯಿಂದ ಪರದೆ ಕುಟ್ಟಿ
"ಇಲ್ಲಿ ನೋಡು, ಆರು" ಅಂದಳು.
ಅವನಿಗೆ ನಗು ಬರಲಿಲ್ಲ, ಸಿಟ್ಟು ಬಂತು.
"ಇಷ್ಟಕ್ಕs ಒಂಬತ್ತು ದಿನಾ?"
ಆ ಸಿಟ್ಟು ನನಗೆ ಸಲ್ಲಬೇಕಾದದ್ದು. ಇಸಕೊಂಡೆ.

ಈಗ ನಲವತ್ತೈದು.
ಹುಲಿಗೆಮ್ಮನ ಮೊಳೆ ಖಾಲಿ.
ಮೂರನೆಯ ಸಲ ಫೋನೆತ್ತಿದಳು, ಹಿಂದೆ ಹೆಂಗಸರ ನಗು:
"ಹತ್ತಿ ಬಿಡಿಸಾಕ ಬಂದೀನ್ರಿ ಮೇಡಂ, ನೋಡತೀನಿ."
ಅವಳ ಹೆಸರಿಗೆ ಅರ್ಧವಿರಾಮದ ಕೀಲಿ ತೆಗೆದಿಟ್ಟಿದ್ದೇನೆ.

ಐದಕ್ಕೆ ಗಣಿಯ ಸೈರನ್ನು.
ಆದಪ್ಪ ಬೀಗದ ಗೊಂಚಲು ಕುಲುಕುತ್ತಾನೆ,
"ಹಾಕಲೇನ್ರಿ?"
ತಡಿ, ಆದಪ್ಪ.
ಇನ್ನೊಮ್ಮೆ ಎಣಿಸುತ್ತೇನೆ.