ಐದೂವರೆ ತಾಸು ಕಳೆದು

ಹಗಲು ಹುಬ್ಬಳ್ಳಿ ಡಿಪೋದಾಗ
ಕಂಡಕ್ಟರ್‌ಗಳ ವೇಬಿಲ್ ತಾಳೆ ನೋಡತೇನಿ.
ಚಿಲ್ಲರೆ ಎಲ್ಲಿ ಸುಳ್ಳು ಹೇಳತೈತಿ, ಬೆರಳಿಗೆ ಗೊತ್ತು.
ರಾತ್ರಿ, ಕೇಶ್ವಾಪುರದ ಮನಿಯಾಗ, ಕುಕ್ಕರ್ ಆರಿದ ಮ್ಯಾಲ
ಇನ್ನೊಂದು ಲೆಕ್ಕ.
ಇದಕ್ಕ ಪಗಾರಿಲ್ಲ.

ಯಾರೋ ಯಾವುದೋ ಕಾಡಿನಾಗ, ಕೆರಿ ದಂಡಿಗೆ,
ಉದ್ಯಾನದ ಕಲ್ಲುಬೆಂಚಿನ ಮ್ಯಾಲ
ಬ್ಯಾಟರಿ ಇಟ್ಟು, ಗಿಡಕ್ಕ ತಂತಿ ಏರಿಸಿ
ಬಯಲನ್ನ ಕರೀತಾರ:
ದಾ ದಿ ದಾ ದಿ, ದಾ ದಾ ದಿ ದಾ.
ಯಾರರೆ ಇದ್ದೀರೇನು? ಯಾರರೆ?
ಓಗೊಟ್ಟವರನ್ನ ವಹಿಯಾಗ ಬರಕೊಂಡು
ನನಗ ಕಳಸತಾರ.
ಹತ್ತು ಮಂದಿ ಸಿಕ್ಕರ ಆ ಜಾಗ ಲೆಕ್ಕಕ್ಕ ಬಂತು.
ಒಂಬತ್ತಾದರ ಇಲ್ಲ.

ಗಡಿಯಾರ ಜಗಕ್ಕೆಲ್ಲ ಒಂದ ಇರಬೇಕು ಅನ್ನೂದು ನೇಮ.
ಅರ್ಧ ಮಂದಿ ತಮ್ಮ ಕೈಗಡಿಯಾರ ನೋಡೇ ಬರೀತಾರ.
ನಾನು ಕುಂತು ಐದೂವರೆ ತಾಸು ಕಳೀತೇನಿ
ಒಂದೊಂದು ಸಾಲಿಗೂ,
ನಸುಕನ್ನ ನಡುರಾತ್ರಿ ಮಾಡಿ,
ಐತವಾರನ್ನ ಶನಿವಾರಕ್ಕ ದೂಡಿ.

ಇಂದುಮತಿ ಪತ್ತಾರ, ಗದಗಿನಾಕಿ.
ಅಪ್ಪ ಮೂಗುತಿ ಹಿಡೀತಿದ್ದ ಚಿಮಟದಾಗ
ಈಕಿ ತಾಮ್ರದ ಸುರುಳಿ ಹಿಡದು ಬೆಸೀತಾಳ.
ಕಪ್ಪತಗುಡ್ಡ ಪಟ್ಟಿಯಾಗ ಸೇರಲಿ ಅಂತ
ಎರಡು ವರ್ಷ ಪತ್ರ ಬರದಾಕಿ.
ಗುಡ್ಡದ ಹೆಸರು ಮೂರು ಸಲ ತಪ್ಪಾಗಿ ಬಂತು,
ಮೂರು ತರದ ತಪ್ಪು.
ಮೂರೂ ಸಲ ತಿದ್ದಿ ಕಳಿಸಿದಳು.

ಡೋಣಿ ಕಡೆ ಚೌಕಿಯಾಗ ಗಾರ್ಡ್ ಮಾಲತೇಶ.
ಮೊದಲ ಸಲ ಪೆಟ್ಟಿಗಿ ತೆರೆಸಿ
"ಯಾರಿಗೆ ಸುದ್ದಿ ಮುಟ್ಟಸ್ತೀರಿ?" ಅಂತ ಗದರಿಸಿದಾವ
ಈಗ ಹಗ್ಗದ ಕೆಳಗ ಗೋಣಿತಟ್ಟು ತುರುಕಿ ಕೊಡತಾನ,
ಟೊಂಗಿ ತೊಗಟಿ ಸುಲೀಬಾರದಂತ.
ಆಮ್ಯಾಲ ಅತ್ತಾಗ ಕುಂತು ಕೇಳತಾನ,
ಒಂದಕ್ಷರ ತಿಳೀದಿದ್ರೂ.

ಖಾದರಸಾಬ ನದಾಫನ ಅಜ್ಜ
ಬಿಲ್ಲಿನ ನಾರಿ ಮೀಟಿ ಅರಳಿ ಹಿಂಜಾಂವ.
ಮೊಮ್ಮಗ ಗಾದಿ ಹೊಲೀತಾನ, ಸೂಟಿ ಇದ್ದಾಗ
ಗಾಳಿ ಹಿಂಜತಾನ.

ಹ್ವಾದ ಐತವಾರ ಗುಡ್ಡ ಏರಿದ್ದ.
ಗಾಳಿಪಂಖದ ಗೊರಗೊರ, ಬಾಟಲಿ ನೀರು ಬಿಸಿ,
ಕೊಲಂಬೊ ಸಿಕ್ಕಿತು, ದೋಹಾ, ಆಮ್ಯಾಲ ಕಝಾನಿನ ಒಬ್ಬ ಮುದುಕ.
ಹುಬ್ಬಳ್ಳಿಯಾಗ ನನ್ನ ಪೆಟ್ಟಿಗಿಯೊಳಗ
ಒಗ್ಗರಣಿ ಚಟಪಟ ಬಿಟ್ಟರ ಏನಿಲ್ಲ.
ಆ ಅಲೆ ಇರೂದ ಹಂಗ:
ಮುಗಿಲಿಗೆ ಬಡದು ಸಮುದ್ರದಾಚೆ ಇಳೀತೈತಿ,
ಮಗ್ಗಲಿನವರ ತಲಿ ದಾಟಿ.

ವಹಿ ಬಂತು. ಎಣಿಸಿದೆ, ಒಂಬತ್ತು.
ಮತ್ತ ಎಣಿಸಿದೆ.
ಮೂರನೇ ದಿನ ಮಸ್ಕತದ ಒಬ್ಬಾಂವನ ವಹಿಯಾಗ
ಖಾದರಸಾಬನ ಕರೆಗುರುತು,
ಅದ ತಾಸು, ಅದ ನಿಮಿಷ.
ಅಂವ ಕೇಳಿದ್ದ. ಓಗೊಟ್ಟಿದ್ದ.

ಫೋನ್ ಹಚ್ಚಿದೆ: "ಹತ್ತನೇದು ಐತೋ, ಹಾಕಲೇನು?"
ಅಂಗಡಿಯಾಗ ಹೊಲಿಗಿ ಮಷೀನ್ ನಿಂತಿತು.
"ಅಂವ ನನ್ನ ಕೇಳ್ಯಾನ, ಅಕ್ಕಾರ.
ನಾ ಅವನ್ನ ಕೇಳಿಲ್ಲ.
ಬರೀಬ್ಯಾಡ್ರಿ."
ಮತ್ತ ಮಷೀನ್ ಸುರು.

ಇಪ್ಪತ್ತಾರು ವರ್ಷ ವೇಬಿಲ್ ನೋಡೇನಿ.
ಬರದವರನ್ನ ಬಸ್ ಹತ್ತಿಸಿದವರು, ಹತ್ತಿದವರನ್ನ
ಕಾಗದದಾಗ ಇಳಿಸಿದವರು, ಎಲ್ಲಾ ಕಂಡೇನಿ.
ಸೀಟಿನ ಮ್ಯಾಲ ಕುಂತಾವನ್ನ
ನಂದಲ್ಲ ಅಂದಾಂವ ಇವನೊಬ್ಬ.

ಒಂಬತ್ತು ಅಂತ ಬರದೆ. ಕೆಳಗ ಗೆರಿ ಎಳದೆ.
ಮಸ್ಕತಕ್ಕ ಎರಡು ಸಾಲು:
ನಿಮ್ಮ ದನಿ ಗುಡ್ಡಕ್ಕ ಮುಟ್ಟಿಲ್ಲ,
ಬರೂ ಐತವಾರ ಮತ್ತ ಕರೀತಾನ, ಕಿವಿ ಇಡ್ರಿ.
ಕಡೀಕ ಎಪ್ಪತ್ತಮೂರು,
ನಮ್ಮ ಮಂದಿ ಶರಣು ಅನ್ನೂದು ಹಂಗ.

ಇಂದುಮತಿ ಬಯ್ದು ಕರದಾಳ: "ಒಮ್ಮೆರೆ ಮ್ಯಾಲ ಬರ್ರಿ."
ಬರತೇನಿ ಅಂದೇನಿ.
ಹೋದರ ವಹಿ ಯಾರು ನೋಡಬೇಕು, ಅಂತನೂ ಅಂದೇನಿ.
ಮಾಲತೇಶ ಇನ್ನೊಂದು ಗೋಣಿತಟ್ಟು
ತೆಗದಿಟ್ಟಾನಂತ, ನನಗ ಕುಂದ್ರಾಕ.