ರೂಪಾಯಿಗೆ ಎಂಟಾಣೆ

ಹುಬ್ಬಳ್ಳಿ ದವಾಖಾನಿಯೊಳಗ
ಬಾಗಲಾ ಪೂರ್ತಿ ಮುಚ್ಚಿದ್ದಿಲ್ಲ, ಮೌನೇಶಾ.
ನಾ ಡಾಕ್ಟರಮ್ಮಗ ಏನ ಕೇಳಿದೆ ಅನ್ನೂದು
ಹೊರಗ ಬೆಂಚಿನ ಮ್ಯಾಲ
ನನ್ನ ಕೈಚೀಲಾ ತೊಡಿಮ್ಯಾಲ ಇಟಗೊಂಡು ಕುಂತ ನಿನಗ
ಕೇಳಿಸೇತಿ.
ಸೋತದ್ದು ನಿನ್ನ ಕಣ್ಣು, ಕಿವಿ ಅಲ್ಲ.

"ಇಂಥಾದ್ದು ಹುಟ್ಟದಂಗ ಮಾಡಾಕ ಬರತೈತೇನ್ರಿ?"

ಇಂಥಾದ್ದು ಅಂದೆ.
ಆ ಮಾತು ನೆಲಕ್ಕ ಬಿದ್ದು
ಬಾಗಲ ಸಂದಿಯಿಂದ ಉರುಳಿ
ನಿನ್ನ ಚಪ್ಪಲಿಗೆ ಮುಟ್ಟಿದ್ದು ನಾ ಕಂಡೆ.
ನಟ್ಟನಡುವಿನದಷ್ಟ ನನಗಿನ್ನೂ ಕಾಣತೈತಿ.

ಅಕಿ ಹಾಳಿಮ್ಯಾಲ ನಮ್ಮ ಮನಿತನಾ ಬರದಳು.
ಗಂಡಿಗೆ ಚೌಕ, ಹೆಣ್ಣಿಗೆ ಗುಂಡು,
ಬ್ಯಾನಿ ಇದ್ದವರಿಗೆ ಕರೇ ಶಾಯಿ.
ಥೇಟ್ ಅಪ್ಪನ ನಕ್ಷಾ ಹಾಳಿ:
ದಡಿಗೆ ಯಾವ ಎಳಿ ಏಳಬೇಕು, ಯಾವುದು ಕೂಡಬೇಕು ಅಂತ
ಮನಿ ಮನಿ ತುಂಬತಿದ್ನಲ್ಲ, ಹಂಗ.
ಮ್ಯಾಲ ಆಯಿ, ಕರೇದು. ಕೆಳಗ ಅಪ್ಪ.
ಬಾಜೂಕ ಗೌರತ್ತಿ, ಅಕಿಯ ಕೆಳಗ ಗೀಟಾ ಇಲ್ಲ.
ಆಮ್ಯಾಲ ನೀ. ಆಮ್ಯಾಲ ನಾ.
ಬೆಟಗೇರಿಯೊಳಗ ಇಂಥಾ ದಡಿ ಸೀರಿ ಯಾರೂ ಉಡಂಗಿಲ್ಲ,
ಆದ್ರ ನಕ್ಷಾ ಚಂದಿತ್ತು, ಸುಳ್ಳ ಯಾಕ ಹೇಳಲಿ.

"ರೂಪಾಯಿಗೆ ಎಂಟಾಣೆ" ಅಂದಳು ಡಾಕ್ಟರಮ್ಮ.
ಕೂಸಿಗೆ ಎಂಟಾಣೆ ಬೆಳಕಾದ್ರೂ ಸಿಗತೈತಿ ಅಂತ ತಿಳಕೊಂಡೆ.
ಹಂಗಲ್ಲಂತ. ಬಂದ್ರ ಪೂರ್ತಿ, ಬಿಟ್ರ ಪೂರ್ತಿ.
ಮುಂಬೈಯೊಳಗ ಆರಿಸಿ ಇಡತಾರಂತ,
ಎರಡ ಮಗ್ಗ ಮಾರಿದ್ರ ಹೋಗಿಬರೂ ಖರ್ಚು.
ಮನ್ಯಾಗ ಅವರು "ನಿನ್ನ ಖುಷಿ" ಅಂದು
ಪೇಪರ್ ಹಾಳಿ ತಿರುವತಾರ.

ಮೂರು ಸಲ ಗಂಡು ಬಂದ್ರೂ ಗೌರತ್ತಿ ಒಲ್ಲೆ ಅಂದಳು.
"ಈ ಎಳಿ ನನ್ನ ಹಂತೇಕ ಮುಗೀಲಿ" ಅಂತ
ನಲವತ್ತು ವರ್ಷ ಮಂದಿ ಮಗ್ಗಕ್ಕ
ತಡವಿ ತಡವಿ ಕಂಡಿಕಿ ಸುತ್ತಿದಳು.
ಅಕಿಗೆ ಯಾರೂ ಶಾಣ್ಯಾಕಿ ಅನಲಿಲ್ಲ.
ಸೊಕ್ಕಿನಾಕಿ ಅಂದ್ರು.

ಅಪ್ಪಗೂ ಗೊತ್ತಿತ್ತು,
ಮದವಿ ಮುಂಚೇನ ಸಂಜಿಮುಂದ ಲಾಳಿ ಹುಡುಕತಿದ್ದ.
ಯಾಕ ಹಡದಿ ಅಂತ ಒಮ್ಮೆ ಸಿಟ್ಟೀಲೆ ಕೇಳಿದ್ದಕ್ಕ
"ಅವತ್ತ ಕರೆಂಟ್ ಹೋಗಿತ್ತವಾ,
ಊರಿಗೂರ ಕುರುಡಾಗಿತ್ತು" ಅಂದ.
ಅವ್ವ ಸೆರಗು ಬಾಯಿಗಿಟ್ಟು ನಕ್ಕಳು.
ನಾ ನಗಲಿಲ್ಲ.
ನೀ ನಕ್ಕಿ.

ಹೊಕ್ಕಿನ್ಯಾಗ ತಪ್ಪಾದ್ರ ಅಲ್ಲಿಗಷ್ಟ,
ಹಾಸಿನ್ಯಾಗ ಆದ್ರ ಸೀರಿ ಉದ್ದಕ್ಕೂ.
ಇದು ಹಾಸಿಂದು.
ಅದೊಂದ ಎಳಿ ಕಿತ್ತು ತಗೀತೇನಿ ಅಂದ್ರ
ಅದರ ಗುಂಟ ನೀನೂ ಕಿತ್ತು ಬರತಿ, ತಮ್ಮಾ:
ಮಿಕ್ಸರಿನ ಸಪ್ಪಳಾ ಕೇಳೇ
ಎಲ್ಲಿ ಸುಟ್ಟೈತಿ ಅಂತ ಹೇಳೂ ನಿನ್ನ ಅಂಗಡಿ ಬರತೈತಿ,
"ಆಶ್ರಮಕ್ಕ ಕಳಸ್ರಿ, ಹಾಡು ಕಲೀಲಿ" ಅಂದವರ ಮುಂದ
ಕಾಗಿಹಂಗ ಹಾಡಿ ಓಡಿಸಿದ ನಿನ್ನ ದನಿ ಬರತೈತಿ.
ಆಮ್ಯಾಲ ನಾನೂ.
ಸೀರಿ ಎಲ್ಲಿ ಉಳೀತು?

ಸಂಜಿ ಪ್ಯಾಸೆಂಜರ್. ಹೊತ್ತು ನಮ್ಮ ಬೆನ್ನಹಿಂದ ಮುಳುಗತಿತ್ತು.
ಅಣ್ಣಿಗೇರಿ ದಾಟೂದ್ರೊಳಗ ನಿನಗ ಎಲ್ಲಾ ಹೋತು,
ಹುಲಕೋಟಿಗೆ ನನಗೂ ಅರ್ಧ.
ತಪ್ಪಾತು ಅನಬೇಕಂತ ಬಾಯಿ ತಗದೆ.
ಕೇಳಿದ್ದು ತಪ್ಪೇನು?
ನಾಳೆ ನನ್ನ ಮಗಳು ಬಂದು ಯಾಕ ಹಡದಿ ಅಂದ್ರ
ನನಗ ಕರೆಂಟಿನ ನೆವಾ ಇಲ್ಲ.
ನನಗ ಹಾಳಿಮ್ಯಾಲ ಬರದು ಕೊಟ್ಟಾರ.

"ಎಲ್ಲಿ, ಕೊಡು ಅದನ್ನ" ಅಂದಿ.
ಶಾಯಿ ಬೆರಳಿಗೆ ಸಿಗಂಗಿಲ್ಲ.
ನಾನ ಹಿಡದು ತೋರಿಸಿದೆ: ಇದು ಆಯಿ, ಇದು ಅಪ್ಪ, ಇದು ನೀ.
"ನಿನ್ನ ಕೆಳಗ?"
ಶಂಕರಪೋಳಿ ಆಕಾರದ್ದೊಂದು ಸಣ್ಣ ಮನಿ. ಪೆನ್ಸಿಲಿಂದು.
"ತುಂಬ್ಯಾರೇನು?"
ಇಲ್ಲ, ಖಾಲಿ.
"ಹಂಗಾರ ನೋಡೂಣು" ಅಂದಿ,
ಶೇಂಗಾ ಮಾರಾವನ್ನ ಕರದಿ.

ಗದಗ ಬಂತು. ಸ್ಟೇಶನ್ ಹೊರಗ ನಿನ್ನ ರಟ್ಟಿ ಹಿಡದು
"ಮೂರು ಮೆಟ್ಟಲಾ" ಅಂದೆ.
"ನಾಕು" ಅಂದಿ.
ನಾಕ ಇದ್ದವು.