ಸೊಂಟದ ಹತ್ತಿರ ಒಂದು ಗೆರೆ

ಎರಡು ಶೀಟಿನ ಪೋಸ್ಟರ್ ಅಂದರೆ ಹೀಗೆ:
ಮೇಲಿನದರಲ್ಲಿ ತಲೆ, ತೋಳು, ಹೆಸರು,
ಕೆಳಗಿನದರಲ್ಲಿ ಕಾಲು, ತಾರೀಕು, ಟಿಕೆಟ್ಟಿನ ದರ.
ಸೊಂಟದ ಹತ್ತಿರ ಒಂದು ಗೆರೆ.
ಆ ಗೆರೆ ಕಾಣಬಾರದು.
ಇಪ್ಪತ್ತೆರಡು ವರ್ಷದಿಂದ ನನ್ನ ವಿದ್ಯೆ ಇಷ್ಟೇ.

ಮೈದಾ ಕುದಿಯುವಾಗ ಚಿಟಿಕೆ ಮೈಲುತುತ್ತ,
ಇಲ್ಲದಿದ್ದರೆ ದುರ್ಗಿಗುಡಿಯ ದನಗಳು
ಬೆಳಗಾಗುವುದರೊಳಗೆ ನೆಕ್ಕಿಬಿಡುತ್ತವೆ.
ಹೋದ ಎಲೆಕ್ಷನ್ನಿಗೆ ಒಬ್ಬ ಅಭ್ಯರ್ಥಿಯ
ಮುಗಿದ ಕೈ ಎರಡನ್ನೂ ತಿಂದು
ಮೀಸೆ ಮಾತ್ರ ಬಿಟ್ಟಿದ್ದವು.

ಈ ಸಲ ಡ್ಯಾನ್ಸು.
ಸಮಕಾಲೀನ ನೃತ್ಯ ಅಂತ ದಪ್ಪಕ್ಷರ.
ಶನಿವಾರ ಪ್ರಫುಲ್ಲಾ, ‘ನೀರಿಗೆ ಮುಂಚೆ’.
ಭಾನುವಾರ ಭದ್ರಾವತಿಯ ನೆಲ್ಸನ್, ‘ಮೂರನೇ ಶಿಫ್ಟು’.
ಸಂಜೆ ಆರೂವರೆ, ರಂಗಮಂದಿರ.
“ಗೆಜ್ಜೆ ಎಲ್ಲಿ?” ಅಂದ ಜಬೀವುಲ್ಲಾ, ಏಣಿ ಹಿಡಿದುಕೊಂಡೇ.
ನಿಜ, ಎರಡು ಜೊತೆ ಕಾಲಿಗೂ ಗೆಜ್ಜೆಯಿಲ್ಲ.
ಅವಳು ನೆಲ ಬಿಟ್ಟಿದ್ದಾಳೆ, ಅವನು ನೆಲಕ್ಕೆ ಮಂಡಿ ಊರಿದ್ದಾನೆ.
ಇಬ್ಬರದೂ ಬೂದಿ ಬಣ್ಣದ ಅಂಗಿ, ಪೈಜಾಮ,
ನಿದ್ದೆಗಣ್ಣಲ್ಲಿ ಹಾಸಿಗೆಯಿಂದ ನೇರ ಎದ್ದುಬಂದವರ ಹಾಗೆ.

ಗೋಪಿ ಸರ್ಕಲ್ಲಿನ ಹತ್ತಿರ ರಾತ್ರಿ ಎರಡಕ್ಕೆ ಕರೆಂಟು ಹೋಯಿತು.
ಚಳಿಗೆ ಅಂಟು ಗಟ್ಟಿಯಾಗುತ್ತಿತ್ತು. ಮೊಬೈಲಿನಲ್ಲಿ ಚಾರ್ಜಿಲ್ಲ.
ತಡವಿ ತಡವಿ ಹಚ್ಚಿದೆ.
ಅಂಚಿಗೆ ಅಂಚು ಕೂಡಿತು, ಬೆರಳಿಗೆ ಗೆರೆ ಸಿಗಲಿಲ್ಲ.
ಹೊಳೆ ಸೇತುವೆಯವರೆಗೆ ನಲವತ್ತು.
ಒಳ್ಳೇ ಕೆಲಸ ಅಂದುಕೊಂಡೇ ಮಲಗಿದೆ.

ಬೆಳಿಗ್ಗೆ ಫೋನು.
ಹೋಗಿ ನೋಡಿದರೆ
ಅವಳ ಹಾರುವ ತೋಳಿಗೆ ಅವನ ಊರಿದ ಮಂಡಿ,
ಅವನ ಬಗ್ಗಿದ ಬೆನ್ನಿಗೆ ಅವಳ ನೆಗೆದ ಪಾದ.
ಅವನ ಭಾನುವಾರ ಅವಳಿಗೆ, ಅವಳ ಶನಿವಾರ ಅವನಿಗೆ.
ಚಹಾದಂಗಡಿಯ ಸಣ್ಣೀರಪ್ಪ
“ಪಾಪ, ಈ ಹುಡುಗಿಗೆ ಏನೋ ಆಗಿದೆ” ಅನ್ನುತ್ತಿದ್ದ.
ಕೂಲಿ ಕಡಿಯುತ್ತಾರೆ ಅಂತ
ಬ್ರಶ್ಶೂ ತೊಳೆಯದೆ ರಂಗಮಂದಿರಕ್ಕೆ ಓಡಿದೆ.

ರಿಹರ್ಸಲ್ಲು. ಪರದೆ ಇಲ್ಲ, ಹಾಡಿಲ್ಲ,
ನಡುವೆ ಒಂದು ಪ್ಲಾಸ್ಟಿಕ್ ಬಕೆಟ್ಟು.
ಪ್ರಫುಲ್ಲಾ ಹೆಬ್ಬೆರಳಿಗೆ ಟೇಪು ಸುತ್ತುತ್ತ
ನನ್ನ ತಪ್ಪೊಪ್ಪಿಗೆಯನ್ನೆಲ್ಲ ಕೇಳಿದಳು.
ಹಿಮ್ಮಡಿ ಒಡೆದಿತ್ತು, ಗದ್ದೆ ನಾಟಿಗೆ ಇಳಿದವರ ಹಾಗೆ.
ಬೈಯಲಿಲ್ಲ, ನಗಲೂ ಇಲ್ಲ.
“ನೆಲ್ಸನ್, ಬಾ” ಅಂದಳು.

ಅವಳು ಮಂಡಿಯೂರಿ ಅಲ್ಲಿಂದ ಹಾರಲು ನೋಡಿದಳು.
ಅವನು ಬೆನ್ನು ಬಗ್ಗಿಸಿಕೊಂಡೇ ನೆಗೆದ, ಬಿದ್ದ,
ಎದ್ದು ಮತ್ತೆ ನೆಗೆದ, ಮತ್ತೆ ಬಿದ್ದ.
“ಗೋಡೆಯಲ್ಲಿ ಎಷ್ಟು ಬಗ್ಗಿದೀನಿ?” ಅಂತ ನನ್ನನ್ನು ಕೇಳಿದ.
ಬಾಯಲ್ಲಿ ಹೇಗೆ ಹೇಳುವುದು?
ಅಂಟಿನ ಡಬ್ಬಕ್ಕೆ ಬಗ್ಗುವ ಹಾಗೆ ಬಗ್ಗಿ ತೋರಿಸಿದೆ.
“ಹಾಗೇ ಇರಿ, ಅಲ್ಲಾಡಬೇಡಿ” ಅಂದಳು ಅವಳು.
ಇಬ್ಬರೂ ಸುತ್ತ ಬಂದು ನೋಡಿದರು.
ಈ ಬೆನ್ನನ್ನು ಡಾಕ್ಟರೂ ಇಷ್ಟು ಹೊತ್ತು ನೋಡಿದ್ದಿಲ್ಲ.
ಹಿಡಿದುಕೊಂಡಿದೆ ಅಂತ ಹೇಳಲು ನನಗೆ ಸಂಕೋಚ.

ಕೂಲಿ ಕಡಿಯಲಿಲ್ಲ. ಎರಡು ಪಾಸು ಕೊಟ್ಟರು.
ಪೋಸ್ಟರ್ ಹಾಗೇ ಇರಲಿ, ತಾರೀಕಿನ ಮೇಲೆ ಮಾತ್ರ
‘ಎರಡೂ ದಿನ, ಇಬ್ಬರೂ’ ಅಂತ ಚೀಟಿ ಹಚ್ಚಿ ಅಂದರು.

ನಾನು ಹಚ್ಚಿದ ಯಾವುದನ್ನೂ ನಾನು ನೋಡಿದ್ದಿಲ್ಲ.
ಅಲ್ಲಿ ಮೊದಲ ಗಂಟೆ ಹೊಡೆಯುವ ಹೊತ್ತಿಗೆ
ಇಲ್ಲಿ ಅದರ ಮುಖದ ಮೇಲೆ
ಮುಂದಿನದನ್ನು ಹಚ್ಚುತ್ತಿರುತ್ತೇನೆ.
ಈ ಶನಿವಾರಕ್ಕೂ ಯಾವುದೋ ಶಾಲೆಯ ಅಡ್ಮಿಷನ್ನು
ಮುನ್ನೂರು ಶೀಟು ಕಾಯುತ್ತಿದೆ.

ಇವತ್ತು ಬುಧವಾರ.
ಬಿಸಿಲಿಗೆ ಕಾಗದ ಒಣಗಿ ಸೊಂಟದಲ್ಲಿ ತುಸು ಎದ್ದಿದೆ.
ಲಾರಿ ಹೋದಾಗಲೆಲ್ಲ ಅವಳೋ ಅವನೋ ಉಸಿರೆಳೆದ ಹಾಗೆ.
ಒತ್ತಿ ಕೂರಿಸಬೇಕಿತ್ತು. ಕೂರಿಸಲಿಲ್ಲ.
ಜೇಬಿನಿಂದ ಪಾಸು ತೆಗೆದರೆ ಕೈಗೇ ಅಂಟಿಕೊಂಡಿದೆ.

“ಗೆಜ್ಜೆ ಇರುತ್ತಾ?” ಜಬೀವುಲ್ಲಾ ಮತ್ತೆ ಕೇಳಿದ.
ಇಲ್ಲ, ಅಂದೆ. ಬಕೆಟ್ಟು ಇದೆ.
“ನಮ್ಮಂಥದ್ದೇ?”
ಖಾಲಿ, ಅಂದೆ.
ಅವನು ಏಣಿ ಮಡಚಿ ಸ್ವಲ್ಪ ಹೊತ್ತು ಸುಮ್ಮನಿದ್ದು,
“ಶನಿವಾರ ನಾನೊಬ್ಬನೇ ಹಚ್ತೀನಿ, ನೀನು ಹೋಗು,
ಭಾನುವಾರ ನಾನು” ಅಂದ.